ಆಟೋಇಮ್ಯೂನ್ ಕಾಯಿಲೆಗಳು ಮತ್ತು ಅನುವಂಶೀಯತೆ

ಸೋಂಕಿನಿಂದ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬಿದ್ದಾಗ ಉಂಟಾಗುವ ಕಾಯಿಲೆಗಳನ್ನು ಆಟೋಇಮ್ಯೂನ್ ಅಥವಾ ಸ್ವಯಂನಿರೋಧಕ ಕಾಯಿಲೆಗಳು ಎನ್ನುತ್ತಾರೆ. ಇಂಥವು 80ಕ್ಕೂ ಹೆಚ್ಚಿವೆ. ಕೀಲುಗಳನ್ನು ಹಿಡಿಯುವ ರುಮಟಾಯ್ಡ್ ಸಂಧಿವಾತ, ಮಕ್ಕಳಲ್ಲಿ ಇನ್ಸುಲಿನ್ ಪೂರಾ ಬತ್ತಿಸುವ ಟೈಪ್ 1 ಸಕ್ಕರೆ ಕಾಯಿಲೆ, ಚರ್ಮದ ಬಣ್ಣ ಅಳಿಸುವ ತೊನ್ನು, ಥೈರಾಯ್ಡ್ ಗ್ರಂಥಿಯನ್ನು ಸವೆಸುವ ಹಶಿಮೊಟೊ ಕಾಯಿಲೆ, ಹಲವು ಅಂಗಗಳನ್ನು ಒಟ್ಟಿಗೆ ಕಾಡುವ ಲೂಪಸ್, ನರಗಳ ಹೊದಿಕೆಯನ್ನು ತಿನ್ನುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇವುಗಳಲ್ಲಿ ಮುಖ್ಯವಾದವು.

ಕೆಲವು ಮನೆತನಗಳಲ್ಲಿ ಈ ಕಾಯಿಲೆಗಳು ಒಟ್ಟೊಟ್ಟಿಗೆ ಕಾಣಿಸಿಕೊಳ್ಳುತ್ತವೆ. ಅಜ್ಜಿಗೆ ಸಂಧಿವಾತ, ತಾಯಿಗೆ ಥೈರಾಯ್ಡ್, ಮಗಳಿಗೆ ತೊನ್ನು ಎಂಬಂತೆ ಒಂದೇ ಮನೆಯಲ್ಲಿ ಬೇರೆ ಬೇರೆ ಹೆಸರಿನ ಕಾಯಿಲೆಗಳು ಇರುವುದೂ ಉಂಟು. ಇದಕ್ಕೆ ಜೀನ್‌ಗಳ ಪಾಲು ಇರುವುದು ನಿಜ. ಆದರೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ಕಾಯಿಲೆಯತ್ತ ವಾಲುವ ದೇಹಸ್ವಭಾವ ಮಾತ್ರ; ಕಾಯಿಲೆ ಬಂದೇ ಬರುತ್ತದೆಂಬ ತೀರ್ಪು ಅಲ್ಲಿಲ್ಲ. ಈ ವ್ಯತ್ಯಾಸವನ್ನು ಅಂಕಿಅಂಶಗಳ ಸಮೇತ ತೋರಿಸಿಕೊಟ್ಟದ್ದು ಕಳೆದ ಐವತ್ತು ವರ್ಷಗಳ ವಿಜ್ಞಾನ. ಅದರಲ್ಲಿ ಕರ್ನಾಟಕದ, ಅದರಲ್ಲೂ ಉತ್ತರ ಬೆಂಗಳೂರಿನ ಸಂಸ್ಥೆಗಳ ಕೊಡುಗೆಯೂ ಇದೆ.

ಅವಳಿಗಳು ಹೇಳುವುದೇನು

ಜೀನ್‌ಗಳ ಪಾಲು ಎಷ್ಟೆಂದು ಅಳೆಯಲು ಅವಳಿಗಳ ಅಧ್ಯಯನ ಬಹುಕಾಲದ ದಾರಿ. ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಕಾಯಿಲೆ ಪೂರ್ತಿ ಜೀನ್‌ಗಳಿಂದಲೇ ಬರುವಂತಿದ್ದರೆ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೂ ತಪ್ಪದೆ ಬರಬೇಕಿತ್ತು. ಹಾಗೆ ಆಗುವುದಿಲ್ಲ. ಬ್ರಿಟನ್ನಿನ 1993ರ ಅಧ್ಯಯನದಲ್ಲಿ ರುಮಟಾಯ್ಡ್ ಸಂಧಿವಾತವಿದ್ದವರ ತದ್ರೂಪಿ ಅವಳಿಗಳಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಮಾತ್ರ ಅದು ಕಾಣಿಸಿಕೊಂಡಿತ್ತು. ತದ್ರೂಪಿಗಳಲ್ಲದ ಅವಳಿಗಳಲ್ಲಿ ಈ ಸಂಖ್ಯೆ 4ರ ಆಸುಪಾಸು. ಲೂಪಸ್‌ನಲ್ಲಿ ತದ್ರೂಪಿಗಳ ಪ್ರಮಾಣ ಸುಮಾರು 25, ತೊನ್ನಿನಲ್ಲಿ 23, ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ 30ರಿಂದ 50. ಗೋಧಿಯ ಗ್ಲುಟನ್ ಸಹಿಸದ ಸೀಲಿಯಾಕ್ ಕಾಯಿಲೆಯಲ್ಲಿ ಮಾತ್ರ ಅದು 75ರ ಹತ್ತಿರಕ್ಕೆ ಏರುತ್ತದೆ.

ತದ್ರೂಪಿಗಳಿಗೂ ಇತರ ಅವಳಿಗಳಿಗೂ ಇರುವ ಅಂತರ ಜೀನ್‌ಗಳ ಬಲವನ್ನು ತೋರಿಸುತ್ತದೆ. ತದ್ರೂಪಿಗಳಲ್ಲೂ ಸಂಖ್ಯೆ ನೂರನ್ನು ಮುಟ್ಟದಿರುವುದು ಆ ಬಲದ ಮಿತಿಯನ್ನು ತೋರಿಸುತ್ತದೆ. ಟೈಪ್ 1 ಪತ್ತೆಯಾದ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳ ಹೆತ್ತವರಿಗಾಗಲಿ ಒಡಹುಟ್ಟಿದವರಿಗಾಗಲಿ ಆ ಕಾಯಿಲೆ ಇರುವುದೇ ಇಲ್ಲ. ‘ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲವಲ್ಲ’ ಎಂದು ಅಚ್ಚರಿಪಡುವ ತಂದೆತಾಯಿಗಳ ಅನುಭವವೇ ಇಲ್ಲಿ ಸಾಮಾನ್ಯ.

ಆರನೆಯ ಕ್ರೋಮೋಸೋಮಿನ ಎಚ್‌ಎಲ್‌ಎ ಜೀನ್‌ಗಳು

ಆಟೋಇಮ್ಯೂನ್ ಕಾಯಿಲೆಗಳ ಅನುವಂಶೀಯ ಅಪಾಯದಲ್ಲಿ ದೊಡ್ಡ ಪಾಲು ಆರನೆಯ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿರುವ ಎಚ್‌ಎಲ್‌ಎ ಜೀನ್‌ಗಳದ್ದು. ಟೈಪ್ 1 ಸಕ್ಕರೆ ಕಾಯಿಲೆಯ ಅನುವಂಶೀಯ ಅಪಾಯದ ಸರಿಸುಮಾರು ಅರ್ಧ ಇಲ್ಲೇ ಇದೆ. ಫ್ರಾನ್ಸಿನ ಜಾನ್ ದೋಸೆ 1958ರಲ್ಲಿ ಈ ಕುಟುಂಬದ ಮೊದಲ ಪ್ರತಿಜನಕವನ್ನು ಗುರುತಿಸಿದರು. 1980ರ ನೊಬೆಲ್ ಪ್ರಶಸ್ತಿ ಅವರಿಗೂ ಜಾರ್ಜ್ ಸ್ನೆಲ್ ಮತ್ತು ಬರೂಜ್ ಬೆನಸೆರಾಫ್ ಅವರಿಗೂ ಸಂದಿತು.

ಎಚ್‌ಎಲ್‌ಎ ಅಣುಗಳ ಕೆಲಸ, ಜೀವಕೋಶದ ಪ್ರೋಟೀನ್ ಚೂರುಗಳನ್ನು ತಟ್ಟೆಯ ಮೇಲಿಟ್ಟಂತೆ ಟಿ ಕಣಗಳೆಂಬ ಬಿಳಿ ರಕ್ತಕಣಗಳ ಮುಂದೆ ಹಿಡಿಯುವುದು. ಯಾವ ಚೂರು ಅಲ್ಲಿ ಕೂರುತ್ತದೆ ಎಂಬುದು ಎಚ್‌ಎಲ್‌ಎ ಅಣುವಿನ ತೋಡಿನ ಆಕಾರದ ಮೇಲೆ ನಿಂತಿದೆ. ಆ ಆಕಾರ ಮನುಷ್ಯರಿಂದ ಮನುಷ್ಯರಿಗೆ ಬೇರೆ. ಮಾನವ ಜೀನ್‌ಗಳಲ್ಲೇ ಅತಿ ಹೆಚ್ಚು ವೈವಿಧ್ಯವಿರುವುದು ಈ ಗುಂಪಿನಲ್ಲಿ. ಬಗೆಬಗೆಯ ಸೋಂಕುಗಳನ್ನು ಎದುರಿಸಿ ಮನುಕುಲ ಉಳಿದದ್ದಕ್ಕೆ ಇದೇ ವೈವಿಧ್ಯ ಆಸರೆಯಾಗಿದೆ. ಅದೇ ವೈವಿಧ್ಯದಿಂದಾಗಿ ಕೆಲವರ ತೋಡಿನಲ್ಲಿ ದೇಹದ್ದೇ ಪ್ರೋಟೀನ್ ಚೂರು ತಪ್ಪುಗ್ರಹಿಕೆಗೆ ಎಡೆಕೊಡುವಂತೆ ಕೂರುತ್ತದೆ.

ಸೀಲಿಯಾಕ್‌ನಲ್ಲಿ ಈ ಹಾದಿ ಹೆಜ್ಜೆಹೆಜ್ಜೆಯಾಗಿ ಬಿಡಿಸಿಕೊಂಡಿದೆ. ಗೋಧಿಯ ಗ್ಲುಟನ್ ಪೂರ್ತಿ ಜೀರ್ಣವಾಗದೆ ಸಣ್ಣ ಕರುಳಿನ ಗೋಡೆಯನ್ನು ದಾಟುತ್ತದೆ. ಅಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಅದರ ಗ್ಲುಟಮೀನನ್ನು ಗ್ಲುಟಮೇಟ್ ಆಗಿ ಬದಲಿಸುತ್ತದೆ. ಚೂರಿಗೆ ಋಣ ವಿದ್ಯುದಂಶ ಬರುತ್ತದೆ. ಡಿಕ್ಯೂ2 ಮತ್ತು ಡಿಕ್ಯೂ8 ಎಂಬ ಎಚ್‌ಎಲ್‌ಎ ಬಗೆಗಳ ತೋಡು ಋಣ ವಿದ್ಯುದಂಶದ ಚೂರುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಟಿ ಕಣಗಳು ಕೆರಳಿ ಕರುಳಿನ ಒಳಪದರ ಹಾಳಾಗುತ್ತದೆ. ರೋಗಿಗಳಲ್ಲಿ ಬಹುತೇಕ ಎಲ್ಲರಲ್ಲೂ ಈ ಎರಡು ಬಗೆಗಳಲ್ಲಿ ಒಂದಾದರೂ ಇರುತ್ತದೆ. ಆದರೆ ಅವೇ ಬಗೆಗಳು ಆರೋಗ್ಯವಂತರಲ್ಲೂ ಮೂವರಲ್ಲಿ ಒಬ್ಬರಿಗೆ ಇರುತ್ತವೆ.

ಎಚ್‌ಎಲ್‌ಎ-ಬಿ27ರ ಕಥೆಯೂ ಹೀಗೆಯೇ. ಎಳೆಯ ವಯಸ್ಸಿನಲ್ಲೇ ಬೆನ್ನುಮೂಳೆ ಬಿಗಿದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಈ ಬಗೆ ಇದೆ ಎಂದು 1973ರಲ್ಲಿ ಲಂಡನ್ನಿನ ಮತ್ತು ಲಾಸ್ ಏಂಜಲೀಸ್‌ನ ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಆದರೆ ಬಿ27 ಇರುವ ನೂರು ಮಂದಿಯಲ್ಲಿ ಕಾಯಿಲೆ ಬರುವುದು ಒಬ್ಬರಿಂದ ಐವರಿಗೆ ಮಾತ್ರ. ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಕಾಯಿಲೆ ಇದ್ದು ತಮಗೂ ಬಿ27 ಇದ್ದರೆ ಅಪಾಯ ನೂರಕ್ಕೆ ಹತ್ತಿಪ್ಪತ್ತರವರೆಗೆ ಏರುತ್ತದೆ. ಆಗಲೂ ಬಾರದವರೇ ಹೆಚ್ಚು. ಬೆಳಗ್ಗೆ ಏಳುವಾಗ ಸೊಂಟ ಹಿಡಿದುಕೊಂಡು ಓಡಾಡಿದಂತೆ ಸಡಿಲವಾಗುವ ನೋವು ಇದ್ದವರ ರಿಪೋರ್ಟಿನಲ್ಲಿ ‘ಪಾಸಿಟಿವ್’ ಎಂದಿದ್ದರೆ ಅದಕ್ಕೆ ತೂಕವಿದೆ. ನೋವೇ ಇಲ್ಲದವರ ರಿಪೋರ್ಟಿನಲ್ಲಿ ಅದೇ ಶಬ್ದ ಹೆಚ್ಚೇನನ್ನೂ ಹೇಳುವುದಿಲ್ಲ.

ಎಚ್‌ಎಲ್‌ಎ ಆಚೆಗೆ

ಉಳಿದ ಅಪಾಯ ಚಿಕ್ಕಚಿಕ್ಕ ಪಾಲಾಗಿ ನೂರಾರು ಜೀನ್‌ಗಳಲ್ಲಿ ಹಂಚಿಹೋಗಿದೆ. ಇಡೀ ಜೀನೋಮನ್ನು ಜಾಲಾಡುವ ಅಧ್ಯಯನಗಳಿಗೆ 2007ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಒಕ್ಕೂಟ ವೇಗ ಕೊಟ್ಟಿತು. ಟೈಪ್ 1 ಮತ್ತು ರುಮಟಾಯ್ಡ್ ಸಂಧಿವಾತ ಸೇರಿ ಏಳು ಕಾಯಿಲೆಗಳ 14,000 ರೋಗಿಗಳನ್ನು ಅದು ಪರಿಶೀಲಿಸಿತು. 2014ರ ಹೊತ್ತಿಗೆ ರುಮಟಾಯ್ಡ್ ಸಂಧಿವಾತ ಒಂದಕ್ಕೇ 101 ತಾಣಗಳು, 2019ರ ಹೊತ್ತಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ 200ಕ್ಕೂ ಹೆಚ್ಚು ತಾಣಗಳು ಪಟ್ಟಿಯಾದವು. ಇವುಗಳಲ್ಲಿ ಹೆಚ್ಚಿನವು ಪ್ರೋಟೀನನ್ನೇ ಬದಲಿಸುವಂಥವಲ್ಲ. ಜೀನ್ ಯಾವ ಕೋಶದಲ್ಲಿ, ಎಷ್ಟು ಕೆಲಸ ಮಾಡಬೇಕೆಂಬುದನ್ನು ಹೆಚ್ಚುಕಡಿಮೆ ಮಾಡುವಂಥವು. ಹಲವು ತಾಣಗಳು ಒಂದಕ್ಕಿಂತ ಹೆಚ್ಚು ಕಾಯಿಲೆಗಳಿಗೆ ಸಾಮಾನ್ಯವಾಗಿವೆ. ಒಂದೇ ಮನೆಯಲ್ಲಿ ಬೇರೆ ಬೇರೆ ಆಟೋಇಮ್ಯೂನ್ ಕಾಯಿಲೆಗಳು ಇರುವುದಕ್ಕೆ ಇದೂ ಒಂದು ಕಾರಣ.

ಇನ್ಸುಲಿನ್ ಜೀನ್ ಒಳ್ಳೆಯ ಉದಾಹರಣೆ. ಎಳವೆಯಲ್ಲಿ ಥೈಮಸ್ ಗ್ರಂಥಿಯಲ್ಲಿ ಟಿ ಕಣಗಳಿಗೆ ‘ಇದು ನಮ್ಮದು’ ಎಂಬ ಪಾಠವಾಗುತ್ತದೆ. ಇನ್ಸುಲಿನ್ ಜೀನಿನ ಪಕ್ಕದ ಒಂದು ಪುನರಾವರ್ತಿತ ತುಣುಕು ಉದ್ದವಿದ್ದವರಲ್ಲಿ ಥೈಮಸ್ ಹೆಚ್ಚು ಇನ್ಸುಲಿನ್ ತಯಾರಿಸುತ್ತದೆ, ಪಾಠ ಗಟ್ಟಿಯಾಗುತ್ತದೆ, ಟೈಪ್ 1ರ ಅಪಾಯ ತಗ್ಗುತ್ತದೆ. ತುಣುಕು ಗಿಡ್ಡವಿದ್ದರೆ ಅಪಾಯ ಏರುತ್ತದೆ.

2004ರಲ್ಲಿ ಟೈಪ್ 1ರೊಂದಿಗೆ ತಳುಕು ಹಾಕಿದ ಪಿಟಿಪಿಎನ್22 ಜೀನಿನ ಒಂದು ರೂಪ ಯುರೋಪಿನವರಲ್ಲಿ ಹಲವು ಆಟೋಇಮ್ಯೂನ್ ಕಾಯಿಲೆಗಳ ಅಪಾಯವನ್ನು ಹೆಚ್ಚಿಸುತ್ತದೆ. ಭಾರತೀಯರಲ್ಲಿ ಆ ರೂಪ ಅತಿ ವಿರಳ. ಯುರೋಪಿನ ಪಟ್ಟಿಯನ್ನು ಹಾಗೆಯೇ ತಂದು ನಮ್ಮವರ ಅಪಾಯ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಒಂದೇ ಜೀನ್ ಕೆಟ್ಟಾಗ

ಅಪರೂಪಕ್ಕೆ ಒಂದೇ ಜೀನಿನ ದೋಷದಿಂದ ಆಟೋಇಮ್ಯೂನ್ ಕಾಯಿಲೆ ಬರುತ್ತದೆ. 1997ರಲ್ಲಿ ಪತ್ತೆಯಾದ ಏರ್ ಜೀನ್ ಥೈಮಸ್‌ನಲ್ಲಿ ದೇಹದ ವಿವಿಧ ಅಂಗಗಳ ಪ್ರೋಟೀನುಗಳನ್ನು ಟಿ ಕಣಗಳಿಗೆ ಪರಿಚಯಿಸುತ್ತದೆ. ಅದರ ಎರಡೂ ಪ್ರತಿಗಳು ಕೆಟ್ಟ ಮಕ್ಕಳಲ್ಲಿ ಅಡ್ರಿನಲ್, ಪ್ಯಾರಾಥೈರಾಯ್ಡ್ ಮೊದಲಾದ ಗ್ರಂಥಿಗಳು ಒಂದರ ಹಿಂದೊಂದು ಸೋಲುತ್ತವೆ. ಎಕ್ಸ್ ಕ್ರೋಮೋಸೋಮಿನ ಫಾಕ್ಸ್‌ಪಿ3 ಜೀನ್ ಕೆಟ್ಟ ಗಂಡುಶಿಶುಗಳಲ್ಲಿ ಹುಟ್ಟಿದ ಕೆಲವೇ ವಾರ-ತಿಂಗಳುಗಳಲ್ಲಿ ಸಕ್ಕರೆ ಕಾಯಿಲೆ, ತೀವ್ರ ಭೇದಿ, ಚರ್ಮದ ಉರಿತ ಕಾಣಿಸಿಕೊಳ್ಳುತ್ತವೆ. ಈ ಜೀನನ್ನು 2001ರಲ್ಲಿ ಗುರುತಿಸಿದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕಣಗಳನ್ನು 1995ರಲ್ಲಿ ತೋರಿಸಿದ ಶಿಮೋನ್ ಸಕಗುಚಿ, ಈ ಮೂವರಿಗೆ 2025ರ ವೈದ್ಯಕೀಯ ನೊಬೆಲ್ ದೊರೆಯಿತು.

ಇದೇ ನಿಯಂತ್ರಕ ಟಿ ಕಣಗಳು ಹೇಗೆ ಬದುಕುಳಿಯುತ್ತವೆ, ನಾಚ್ ಎಂಬ ಪ್ರೋಟೀನ್ ಅವುಗಳನ್ನು ಹೇಗೆ ಕಾಪಾಡುತ್ತದೆ ಎಂಬುದರ ಮೇಲೆ ಹೆಬ್ಬಾಳ ಮತ್ತು ಯಲಹಂಕದ ನಡುವೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್‌ ಮತ್ತು ಇನ್‌ಸ್ಟೆಮ್‌ನಲ್ಲಿ ಅಪೂರ್ವಾ ಸರಿನ್ ಅವರ ತಂಡ ಮಹತ್ವದ ಕೆಲಸ ಮಾಡಿದೆ.

ಏಕಜೀನ್ ಕಾಯಿಲೆಗೂ ಬಹುಜೀನ್ ಕಾಯಿಲೆಗೂ ಇರುವ ಅಂತರವನ್ನು ಕನ್ನಡಿಗರಿಗೆ ಪರಿಚಿತವಾದ ಹಂದಿಗೋಡು ಕಾಯಿಲೆಯಿಂದ ತಿಳಿಯಬಹುದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಗುರುತಿಸಲಾದ ಈ ಕೀಲು-ಮೂಳೆಯ ಕಾಯಿಲೆ ಹೊರನೋಟಕ್ಕೆ ಸಂಧಿವಾತದಂತಿದ್ದರೂ ಆಟೋಇಮ್ಯೂನ್ ಅಲ್ಲ. ತಂದೆತಾಯಿಗಳಲ್ಲಿ ಒಬ್ಬರಿಂದ ದೋಷ ಬಂದರೂ ಸಾಕು. ಹುಟ್ಟುವ ಪ್ರತಿ ಮಗುವಿಗೂ ಅದು ಇಳಿಯುವ ಸಂಭವ ಅರ್ಧಕ್ಕರ್ಧ. ರುಮಟಾಯ್ಡ್ ಸಂಧಿವಾತದಲ್ಲಿ ಇಂಥ ಲೆಕ್ಕ ನಡೆಯುವುದಿಲ್ಲ. ರೋಗಿಯ ಮಕ್ಕಳಲ್ಲಿ ಅಪಾಯ ಇತರರಿಗಿಂತ ಕೆಲವು ಪಟ್ಟು ಹೆಚ್ಚಿದ್ದರೂ ಬಹುಪಾಲು ಮಕ್ಕಳಿಗೆ ಅದು ಬರುವುದಿಲ್ಲ.

ಹೆಂಗಸರಲ್ಲೇಕೆ ಹೆಚ್ಚು

ಆಟೋಇಮ್ಯೂನ್ ಕಾಯಿಲೆಯವರಲ್ಲಿ ಹೆಚ್ಚಿನವರು ಹೆಂಗಸರು. ಲೂಪಸ್‌ನಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅವರೇ. ಹಾರ್ಮೋನುಗಳ ಜೊತೆಗೆ ಎಕ್ಸ್ ಕ್ರೋಮೋಸೋಮಿಗೂ ಇದರಲ್ಲಿ ಪಾಲಿದೆ. ಹೆಣ್ಣಿನಲ್ಲಿರುವ ಎರಡು ಎಕ್ಸ್‌ಗಳಲ್ಲಿ ಒಂದು ಪ್ರತಿ ಕೋಶದಲ್ಲೂ ಮೌನವಾಗಿರಬೇಕು. ಆದರೆ ಅದರ ಮೇಲಿನ ಕೆಲವು ಜೀನ್‌ಗಳು ಮೌನ ಮುರಿಯುತ್ತವೆ. ವೈರಾಣುವಿನ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್7 ಅಂಥದ್ದೊಂದು. ಈ ಜೀನ್ ಅತಿಯಾಗಿ ಕೆಲಸ ಮಾಡುವ ರೂಪಾಂತರವೊಂದೇ ಲೂಪಸ್ ತರಬಲ್ಲದು ಎಂದು 2022ರಲ್ಲಿ ಸ್ಪೇನಿನ ಒಬ್ಬ ಬಾಲಕಿಯ ಜೀನೋಮಿನಿಂದ ತಿಳಿದುಬಂತು. ಹೆಚ್ಚುವರಿ ಎಕ್ಸ್ ಇರುವ ಗಂಡಸರಲ್ಲಿ ಲೂಪಸ್ ಅಪಾಯ ಹೆಂಗಸರಷ್ಟೇ ಇರುವುದೂ ಇದಕ್ಕೆ ಪೂರಕ.

ರಾಗಿಯ ನಾಡು, ಗೋಧಿಯ ನಾಡು

ಜೀನ್ ಇದ್ದರೂ ಕಾಯಿಲೆ ಬಾರದಿರುವುದಕ್ಕೆ ಭಾರತದಲ್ಲೇ ಒಂದು ಸ್ಪಷ್ಟ ನಿದರ್ಶನವಿದೆ. ಬಿ.ಎಸ್. ರಾಮಕೃಷ್ಣ, ಗೋವಿಂದ್ ಮಖಾರಿಯಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸೀಲಿಯಾಕ್‌ನ ಪ್ರತಿಕಾಯ ಇರುವ ವಯಸ್ಕರು ಉತ್ತರ ಭಾರತದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10. ಹನ್ನೆರಡು ಪಟ್ಟು ಅಂತರ. ಡಿಕ್ಯೂ2 ಅಥವಾ ಡಿಕ್ಯೂ8 ಇರುವವರು ಮಾತ್ರ ಉತ್ತರದಲ್ಲಿ ಶೇ. 38.1, ದಕ್ಷಿಣದಲ್ಲಿ ಶೇ. 36.4; ಅಂದರೆ ಬಹುತೇಕ ಸಮ. ವ್ಯತ್ಯಾಸ ಕಂಡದ್ದು ಊಟದಲ್ಲಿ. ದಿನಕ್ಕೆ ತಿನ್ನುವ ಗೋಧಿ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

ಹಳೇ ಮೈಸೂರು ಸೀಮೆಯ ರಾಗಿ ಮುದ್ದೆ, ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಮಲೆನಾಡಿನ ಅಕ್ಕಿ ರೊಟ್ಟಿ ಯಾವುದರಲ್ಲೂ ಗ್ಲುಟನ್ ಇಲ್ಲ.  ಸೀಲಿಯಾಕ್ ಇರುವ ಕನ್ನಡಿಗರಿಗೆ ಪಥ್ಯದ ಊಟ ಮನೆಯಲ್ಲೇ ಇದೆ ಎಂಬುದು ದೊಡ್ಡ ಅನುಕೂಲ. ಆದರೆ ಚಪಾತಿ, ರವೆ ಉಪ್ಪಿಟ್ಟು, ಬ್ರೆಡ್ಡು, ಬಿಸ್ಕತ್ತು ಅವರಿಗೆ ವರ್ಜ್ಯ. ಅಂಗಡಿಯ ಇಂಗಿಗೆ ಗೋಧಿ ಹಿಟ್ಟು ಬೆರೆಸುವುದುಂಟು. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿಸಿದರೆ ರಾಗಿ ಹಿಟ್ಟಿಗೂ ಗ್ಲುಟನ್ ಸೇರುತ್ತದೆ. ಈ ಎರಡನ್ನು ಗಮನಿಸದೆ ಪಥ್ಯ ಕೆಟ್ಟು ಕಾಯಿಲೆ ಮರುಕಳಿಸುವುದು ಸಾಮಾನ್ಯ.

ಇತರ ಕಾಯಿಲೆಗಳಲ್ಲೂ ಪರಿಸರದ ಪಾಲು ದೊಡ್ಡದು. ಸ್ವೀಡನ್ನಿನ 2006ರ ಅಧ್ಯಯನದಲ್ಲಿ, ಸಂಧಿವಾತಕ್ಕೆ ಎಡೆಕೊಡುವ ಎಚ್‌ಎಲ್‌ಎ-ಡಿಆರ್ ಬಗೆ ಎರಡೂ ಕಡೆಯಿಂದ ಬಂದವರು ಸಿಗರೇಟು ಸೇದಿದರೆ ಸಿಸಿಪಿ ಎಂಬ ಪ್ರತಿಕಾಯ ಇರುವ ಬಗೆಯ ಸಂಧಿವಾತದ ಅಪಾಯ 21 ಪಟ್ಟು ಏರುತ್ತದೆಂದು ಕಂಡಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಎಪ್ಸ್ಟೀನ್-ಬಾರ್ ವೈರಾಣುವಿನ ಸೋಂಕು ಮುನ್ನಡಿ ಎಂದು ಅಮೆರಿಕದ ಸೈನಿಕರ 2022ರ ಅಧ್ಯಯನ ತೋರಿಸಿತು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ಮಕ್ಕಳಲ್ಲಿ ಟೈಪ್ 1 ಪ್ರಮಾಣ 1978–81ರಲ್ಲಿ ಲಕ್ಷಕ್ಕೆ 3.1 ಇದ್ದದ್ದು 1988–90ಕ್ಕೆ 11.7ಕ್ಕೆ ಏರಿತು. ಒಂದು ದಶಕದಲ್ಲಿ ಜೀನ್ ಬದಲಾಗುವುದಿಲ್ಲ. ಬದಲಾದದ್ದು ಬದುಕಿನ ಪರಿಸರ.

ಕರ್ನಾಟಕದ ಅಧ್ಯಯನಗಳು

1995ರಿಂದ 2008ರವರೆಗಿನ ಕರ್ನಾಟಕ ಡಯಾಬಿಟಿಸ್ ರಿಜಿಸ್ಟ್ರಿಯಲ್ಲಿ ಟೈಪ್ 1 ವರ್ಷಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಹೆಣ್ಣುಮಕ್ಕಳಲ್ಲಿ 4.0 ಎಂದು ದಾಖಲಾಗಿದೆ. ಫಿನ್ಲೆಂಡಿನಲ್ಲಿ ಇದು 50ಕ್ಕೂ ಹೆಚ್ಚು. ಮಂಗಳೂರಿನಲ್ಲಿ ಲೇಖಾ ಪಂಡಿತ್ ಅವರು ಕಟ್ಟಿಬೆಳೆಸಿದ ನರಹೊದಿಕೆ ಕಾಯಿಲೆಗಳ ನೋಂದಣಿಯಿಂದ ಅಲ್ಲಿನ ಮಲ್ಟಿಪಲ್ ಸ್ಕ್ಲೆರೋಸಿಸ್ ಪ್ರಮಾಣ ಲಕ್ಷಕ್ಕೆ ಸುಮಾರು ಎಂಟು ಎಂದು ತಿಳಿಯಿತು. ಕೇಂಬ್ರಿಜ್ ತಂಡದೊಂದಿಗೆ ಅವರು ನಡೆಸಿದ ಅಧ್ಯಯನಗಳು ಯುರೋಪಿನಲ್ಲಿ ಗುರುತಿಸಿದ ಅಪಾಯದ ಜೀನ್‌ಗಳನ್ನು ಭಾರತೀಯ ರೋಗಿಗಳಲ್ಲಿ ಪರೀಕ್ಷಿಸಿ ನೋಡಿದ ಮೊದಲ ಪ್ರಯತ್ನಗಳಲ್ಲಿ ಸೇರಿವೆ. ಬೆಂಗಳೂರು ಸೇರಿ ಎಂಟು ನಗರಗಳ 2013ರ ಸಮೀಕ್ಷೆಯಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ವಯಸ್ಕರಿಗೆ, ಶೇ. 21.85 ಮಂದಿಗೆ, ಥೈರಾಯ್ಡ್ ವಿರುದ್ಧದ ಟಿಪಿಒ ಪ್ರತಿಕಾಯ ಇತ್ತು. ಥೈರಾಯ್ಡ್ ಕೊರತೆ ಇದ್ದವರು ಶೇ. 10.95 ಮಾತ್ರ.

ರಕ್ತಸಂಬಂಧದಲ್ಲಿ ಮದುವೆಯಾಗುವ ರೂಢಿಯ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ಬೆಂಗಳೂರು, ಮೈಸೂರುಗಳಲ್ಲಿ ನಡೆಸಿದ ಅಧ್ಯಯನ ಪ್ರಸಿದ್ಧ. 1980ರ ದಶಕದ ಆ ಅಂಕಿಅಂಶಗಳಲ್ಲಿ ಮೂರನೇ ಒಂದು ಭಾಗದಷ್ಟು ಮದುವೆಗಳು ಸಂಬಂಧದೊಳಗೇ ಆಗಿದ್ದವು. ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುವುದು ಅವುಗಳಲ್ಲಿ ಮುಖ್ಯ. ಏರ್ ದೋಷದಂತೆ ಎರಡೂ ಪ್ರತಿಗಳು ಕೆಟ್ಟಾಗ ಬರುವ ಅಪರೂಪದ ಕಾಯಿಲೆಗಳ ಸಂಭವವನ್ನು ಇಂಥ ಮದುವೆ ಹೆಚ್ಚಿಸುತ್ತದೆ. ತೀರ ಎಳೆಯ ವಯಸ್ಸಿನಲ್ಲೇ ಲೂಪಸ್ ತರುವ ಸಿ1ಕ್ಯೂ ಕೊರತೆಯೂ ಆ ಸಾಲಿನದು. ಥೈರಾಯ್ಡ್, ಸಂಧಿವಾತದಂಥ ಬಹುಜೀನ್ ಕಾಯಿಲೆಗಳಲ್ಲಿ ಸಂಬಂಧ ಅಷ್ಟು ನೇರವಾಗಿಲ್ಲ.

ನಮ್ಮವರ ಜೀನೋಮ್

ತಮ್ಮತಮ್ಮೊಳಗೇ ಮದುವೆಯಾಗುತ್ತ ಬಂದ ಭಾರತದ ಸಮುದಾಯಗಳಲ್ಲಿ ಜೀನ್‌ಗಳ ಹಂಚಿಕೆ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಇದನ್ನು ದಾಖಲಿಸುವ ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಆರಂಭವಾಯಿತು. 20 ಸಂಸ್ಥೆಗಳ ಈ ಕೆಲಸದ ಸಮನ್ವಯ ಕೇಂದ್ರ ಯಶವಂತಪುರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಆರಂಭದಲ್ಲಿ ಇದರ ಮುಂದಾಳಾಗಿದ್ದವರು ವಿಜಯಲಕ್ಷ್ಮಿ ರವೀಂದ್ರನಾಥ್. 83 ಜನಸಮುದಾಯಗಳ 10,000 ಮಂದಿಯ ಜೀನೋಮ್ ಓದಿ ಮುಗಿಸಿ, 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಲಾಯಿತು. ಕಾಯಿಲೆಯ ಜೀನ್ ಹುಡುಕಲು ಹೊರಟವರಿಗೆ ಕಾಯಿಲೆ ಇಲ್ಲದ ನಮ್ಮವರಲ್ಲಿ ಯಾವುದು ಸಹಜ ಎಂದು ಹೋಲಿಸಿ ನೋಡುವ ಆಧಾರ ಇದರಿಂದ ಸಿಕ್ಕಿದೆ. ಟೈಪ್ 1 ಅಪಾಯದ ಯುರೋಪಿಯನ್ ಅಂಕಪಟ್ಟಿಯನ್ನು ಪುಣೆಯ ರೋಗಿಗಳ ಮೇಲೆ ಪ್ರಯೋಗಿಸಿದ 2020ರ ಅಧ್ಯಯನ, ಅದು ಇಲ್ಲಿಯೂ ಉಪಯುಕ್ತ, ಆದರೆ ನಮ್ಮ ಜನರಿಗೆ ಹೊಂದಿಸಿಕೊಂಡರೆ ಮೇಲು ಎಂದು ತೋರಿಸಿದೆ.

ಪರೀಕ್ಷೆಗಳ ಬಳಕೆ ಮತ್ತು ಮಿತಿ

ಇಂದಿನ ಚಿಕಿತ್ಸೆಯಲ್ಲಿ ಜೀನ್ ಪರೀಕ್ಷೆಗೆ ನಿರ್ದಿಷ್ಟ ಜಾಗಗಳಿವೆ. ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದಿದ್ದರೆ ಸೀಲಿಯಾಕ್ ಅಲ್ಲವೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಇದ್ದರೆ ಮಾತ್ರಕ್ಕೆ ಕಾಯಿಲೆ ಇದೆ ಎನ್ನಲಾಗದು. ಲೂಪಸ್, ಸ್ನಾಯುಗಳನ್ನು ಬಳಲಿಸುವ ಮಯಸ್ತೇನಿಯಾ ಮೊದಲಾದವಕ್ಕೆ ಕೊಡುವ ಅಜಥಯೋಪ್ರಿನ್ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯಕಾರಿಯಾಗಿ ಕುಗ್ಗಿಸುತ್ತದೆ, ಕೂದಲು ಉದುರಿಸುತ್ತದೆ. ಯುರೋಪಿನವರಲ್ಲಿ ಇದಕ್ಕೆ ಟಿಪಿಎಂಟಿ ಜೀನ್ ಮುಖ್ಯ ಕಾರಣವಾದರೆ ಭಾರತೀಯರಲ್ಲಿ ಎನ್‌ಯುಡಿಟಿ15. ಮಾತ್ರೆ ಶುರುಮಾಡುವ ಮುನ್ನ ಇದನ್ನು ನೋಡಿಕೊಳ್ಳುವುದು ಒಳಿತು.

ಮನೆಯಲ್ಲಿ ಟೈಪ್ 1 ಇರುವ ಮಕ್ಕಳ ಒಡಹುಟ್ಟಿದವರಿಗೆ ಜೀನ್ ಪರೀಕ್ಷೆಗಿಂತ ಪ್ರತಿಕಾಯ ಪರೀಕ್ಷೆ ಹೆಚ್ಚು ಹೇಳುತ್ತದೆ. ಎರಡು ಅಥವಾ ಹೆಚ್ಚು ಪ್ರತಿಕಾಯಗಳಿದ್ದ ಹತ್ತು ಮಕ್ಕಳಲ್ಲಿ ಏಳು ಮಕ್ಕಳಿಗೆ ಹತ್ತು ವರ್ಷಗಳಲ್ಲಿ ಕಾಯಿಲೆ ಬರುತ್ತದೆ. ಹೀಗೆ ಕಾಯಿಲೆಯತ್ತ ಸಾಗುತ್ತಿರುವ ಕೆಲವರಲ್ಲಿ ಅದನ್ನು ಸುಮಾರು ಎರಡು ವರ್ಷ ಮುಂದೂಡುವ ಟೆಪ್ಲಿಝುಮ್ಯಾಬ್ ಔಷಧಿಗೆ 2022ರಲ್ಲಿ ಅಮೆರಿಕ ಅನುಮತಿ ನೀಡಿತು. ಮಗು ವಿಪರೀತ ನೀರು ಕುಡಿಯುವುದು, ಪದೇಪದೇ ಮೂತ್ರಕ್ಕೆ ಹೋಗುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ತೂಕ ಇಳಿಯುವುದು ಕಂಡರೆ ಅಂದೇ ರಕ್ತದ ಸಕ್ಕರೆ ನೋಡಿಸಬೇಕು. ತಡವಾದರೆ ಜೀವಕ್ಕೇ ಕುತ್ತು.

ಮನೆತನದ ಮಾತು

ಅನುವಂಶೀಯತೆಯನ್ನು ತಪ್ಪಾಗಿ ತಿಳಿದುದರ ಫಲವನ್ನು ಹೆಚ್ಚಾಗಿ ಉಣ್ಣುವವರು ತೊನ್ನು ಇರುವವರು. ಅದು ಅಂಟುವುದಿಲ್ಲ, ಕುಷ್ಠಕ್ಕೂ ಅದಕ್ಕೂ ಸಂಬಂಧವಿಲ್ಲ. ರೋಗಿಯ ಹತ್ತಿರದ ರಕ್ತಸಂಬಂಧಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಬರುವುದಿಲ್ಲ. ಆದರೂ ಹೆಣ್ಣು ನೋಡುವ ಹೊತ್ತಿನಲ್ಲಿ ಅತ್ತೆಗೋ ಚಿಕ್ಕಪ್ಪನಿಗೋ ತೊನ್ನಿದೆ ಎಂಬ ಕಾರಣಕ್ಕೆ ಒಪ್ಪಿದ ಸಂಬಂಧ ಮುರಿಯುತ್ತದೆ. ಮಗುವಿಗೆ ಟೈಪ್ 1 ಬಂದರೆ ‘ತಾಯಿಯ ಕಡೆಯಿಂದ ಬಂದದ್ದು’ ಎಂಬ ಆರೋಪ ಬರುತ್ತದೆ. ಟೈಪ್ 1 ಇರುವ ತಾಯಿಯ ಮಕ್ಕಳಿಗಿಂತ ಟೈಪ್ 1 ಇರುವ ತಂದೆಯ ಮಕ್ಕಳಲ್ಲೇ ಅಪಾಯ ತುಸು ಹೆಚ್ಚು. ಎರಡೂ ಸಂದರ್ಭಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಪಾರಾಗುತ್ತಾರೆ. ಈ ಆರೋಪಗಳಿಗೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ.

ಮನೆತನದ ಆರೋಗ್ಯದ ಮಾಹಿತಿ ಮುಚ್ಚಿಡುವಂಥದ್ದಲ್ಲ, ವೈದ್ಯರ ಮುಂದೆ ಬಿಚ್ಚಿಡುವಂಥದ್ದು. ಅಕ್ಕನಿಗೆ ಥೈರಾಯ್ಡ್ ಇದ್ದರೆ ತಂಗಿ ಗರ್ಭಿಣಿಯಾದಾಗ ಟಿಎಸ್‌ಎಚ್ ನೋಡಿಸಿಕೊಳ್ಳಬೇಕು. ತಾಯಿಗೆ ಸಂಧಿವಾತವಿದ್ದು ಮಗನ ಬೆರಳ ಕೀಲುಗಳು ಬೆಳಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ ನೋವಿನ ಮಾತ್ರೆ ನುಂಗಿ ತಿಂಗಳುಗಟ್ಟಲೆ ದೂಡದೆ ರುಮಟಾಲಜಿಸ್ಟ್ ಬಳಿ ಹೋಗಬೇಕು, ಬೀಡಿ-ಸಿಗರೇಟು ಮುಟ್ಟಲೇಬಾರದು. ಆರಂಭದ ತಿಂಗಳುಗಳಲ್ಲೇ ಚಿಕಿತ್ಸೆ ಸಿಕ್ಕರೆ ಕೀಲುಗಳು ಸೊಟ್ಟಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಹುಟ್ಟಿನಿಂದ ಬಂದ ಜೀನ್‌ಗಳನ್ನು ಬದಲಿಸಲಾಗದಿದ್ದರೂ ಅವು ಕೊಡುವ ಸೂಚನೆಯನ್ನು ಹೊತ್ತಿಗೆ ಮುಂಚೆ ಬಳಸಿಕೊಳ್ಳುವುದು ಪ್ರತಿ ಕುಟುಂಬಕ್ಕೂ ಸಾಧ್ಯವಿರುವ ಕೆಲಸ.